ಸುಮ್ಮನಿದ್ದರೇ ಚೆಂದ ಎಂಬ ಮಾತಿನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಸ್ಪ್ಯಾನಿಷ್ ಮಾತಾಡುವ ಮನೆಗಳಲ್ಲಿ ಹೆಣ್ಣುಮಗು ಸ್ವಲ್ಪ ಎದುರು ಮಾತಾಡಿದರೆ ಅಜ್ಜಿಯೋ ಅತ್ತೆಯೋ ನಗುತ್ತಲೇ ಒಂದು ಮಾತು ಅನ್ನುತ್ತಾರೆ: 'ಕಯಾದೀತಾ ತೆ ವೆಸ್ ಮಾಸ್ ಬೊನೀತಾ'. ಸುಮ್ಮನಿದ್ದರೆ ನೀನು ಇನ್ನೂ ಚೆಂದ ಕಾಣ್ತೀಯ ಅಂತ. 'ಕಯಾದಾ' ಅಂದರೆ ಬಾಯಿ ಮುಚ್ಚಿಕೊಂಡವಳು. ಅದರ ಬಾಲಕ್ಕೆ 'ಈತಾ' ಹಚ್ಚಿದರೆ ನಾವು 'ಪುಟ್ಟಿ' ಸೇರಿಸಿದ ಹಾಗೆ, ಮುದ್ದು ಬರುತ್ತದೆ. ಬೈದಿದ್ದರೆ ಮಗು ಅತ್ತು ಮರೆಯುತ್ತಿತ್ತು. ಮುದ್ದು ಮಾಡಿ ಹೇಳಿದ್ದು ಒಳಗೆ ಇಳಿದು ಕೂರುತ್ತದೆ. ಲತೀನಾ ಹೆಂಗಸರ ಆತ್ಮಗೌರವದ ಬಗ್ಗೆ ಇವತ್ತು ನಾನು ಹೇಳಬೇಕಾದದ್ದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು 'ಲತೀನಾ' ಎಂದರೆ ಯಾರು ಎಂಬುದು. ಲ್ಯಾಟಿನ್ ಅಮೆರಿಕದ ಮೂಲದವರು 'ಲತೀನೊ', ಅವರಲ್ಲಿ ಹೆಣ್ಣಾದವಳು 'ಲತೀನಾ'. ಅಮೆರಿಕದ 2020ರ ಜನಗಣತಿಯಲ್ಲಿ ಲತೀನೊ ಮೂಲದವರು 6.21 ಕೋಟಿ, ಅಂದರೆ ಒಟ್ಟು ಜನಸಂಖ್ಯೆಯ ಶೇ. 18.7. ಅರ್ಧಕ್ಕಿಂತ ಹೆಚ್ಚು ಮಂದಿ ಮೆಕ್ಸಿಕೊ ಮೂಲದವರು. ಉಳಿದವರಲ್ಲಿ ಪೋರ್ಟೊ ರಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಎಲ್ ಸಾಲ್ವಡೋರ್, ಗ್ವಾಟೆಮಾಲಾ, ಕೊಲಂಬಿಯಾ ಹೀಗೆ ಹತ್ತಾರು ಊರುಗಳ ನೆನಪು ಹೊತ್ತವರಿದ್ದಾರೆ. ಬಿಳಿಯರು, ಕಪ್ಪುವರ್ಣೀಯರು, ಆದಿವಾಸಿ ಮೂಲದವರು ಎಲ್ಲರೂ ಇದರಲ್ಲೇ. ಸ್ಪ್ಯಾನಿಷ್ ಬಂದೇ ಬರುತ್ತದೆ ಎಂದು ಕೂಡ ಹಿಡಿಯಬಾರದು. ಗ್ವಾಟೆಮಾಲಾದ ಮಾಮ್, ಮೆಕ್ಸಿಕೊದ ಮಿಸ್ತೆಕೊ ಮಾತಾಡುವ ಹೆಂಗಸರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ, ಕೆಲವರಿಗೆ ಬಾರದ ಭಾಷೆ. ಆಸ್ಪತ್ರೆಯಲ್ಲಿ ಅಂಥವಳಿಗೆ ಸ್ಪ್ಯಾನಿಷ್ ದುಭಾಷಿಯನ್ನು ಕೂರಿಸಿ, ಅವಳು ಎಲ್ಲದಕ್ಕೂ ಹೂಂ ಅಂದದ್ದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಪದೇ ಪದೇ ಆಗುವ ತಪ್ಪು.

ಇನ್ನು ಕೆಲವು ಪದಗಳು. 'ಫಮಿಲಿಸ್ಮೊ', ಮನೆಯೇ ಮೊದಲು. 'ರೆಸ್ಪೆತೊ', ಹಿರಿಯರ ಎದುರು ಇರಬೇಕಾದ ರೀತಿ. 'ಸಿಂಪತೀಯಾ', ಎದುರಿನವರ ಮನಸ್ಸು ಕೆಡದಂತೆ ನಡೆದುಕೊಳ್ಳುವುದು. 'ಎಲ್ ಕೆ ದಿರಾನ್', ಶಬ್ದಕ್ಕೆ ಶಬ್ದ ಹೇಳಿದರೆ 'ಏನಂದಾರೋ ಎಂಬುದು'. ನಮ್ಮಲ್ಲಿ ಇದಕ್ಕೆ ನಾಲ್ಕು ಜನರನ್ನು ಸೇರಿಸಿಕೊಳ್ಳುತ್ತೇವೆ. ಎಲ್ಲಕ್ಕಿಂತ ಭಾರದ್ದು 'ಅಗ್ವಾಂತಾರ್', ತಾಳಿಕೊಳ್ಳುವುದು. ಗಂಡ ಕುಡಿದು ಬಂದರೆ ತಾಳಿಕೋ, ಬೆನ್ನು ನೋವಾದರೆ ತಾಳಿಕೋ, ಸಂಬಳ ಕಡಿಮೆ ಕೊಟ್ಟರೆ ತಾಳಿಕೋ. ತಾಳಿದವನು ಬಾಳಿಯಾನು ಎನ್ನುವ ನಮಗೆ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಅಲ್ಲಿ 'ಅಗ್ವಾಂತಾದೋರಾ' ಎನಿಸಿಕೊಂಡವಳಿಗೆ ಅದು ಬಿರುದು. ಅವಳ ಆತ್ಮಗೌರವ ನಿಂತಿರುವುದೇ ತಾಳಿಕೊಳ್ಳುವ ಶಕ್ತಿಯ ಮೇಲೆ. 'ಇನ್ನು ತಾಳಬೇಡ' ಎಂದು ಹೊರಗಿನಿಂದ ಬಂದವರು ಉಪದೇಶ ಮಾಡಿದರೆ, ಅವಳ ಹತ್ತಿರ ಇದ್ದ ಒಂದೇ ಒಂದು ಹೆಮ್ಮೆಯನ್ನೂ ಕಿತ್ತುಕೊಂಡ ಹಾಗಾಗುತ್ತದೆ.

ಈ ಎಲ್ಲ ನಿರೀಕ್ಷೆಗಳನ್ನು ಒಟ್ಟುಗೂಡಿಸಿ ವಿದ್ವಾಂಸರು 'ಮರಿಯಾನಿಸ್ಮೊ' ಎನ್ನುತ್ತಾರೆ. ಏಸುವಿನ ತಾಯಿ ಕನ್ಯೆ ಮರಿಯಳ ಹೆಸರಿನಿಂದ ಬಂದದ್ದು. ಪದ ಹಳೆಯದಂತೆ ಕೇಳಿಸುತ್ತದೆ, ಆದರೆ ಈ ಅರ್ಥದಲ್ಲಿ ಚಾಲ್ತಿಗೆ ತಂದದ್ದು ಎವೆಲಿನ್ ಸ್ಟೀವನ್ಸ್ ಎಂಬ ಅಮೆರಿಕನ್ ರಾಜ್ಯಶಾಸ್ತ್ರಜ್ಞೆ, 1973ರ ಒಂದು ಪ್ರಬಂಧದಲ್ಲಿ. ಗಂಡಸಿನ 'ಮಚಿಸ್ಮೊ'ಗೆ, ಅಂದರೆ ಗಂಡೆಂಬ ದರ್ಪಕ್ಕೆ, ಇದು ಇನ್ನೊಂದು ಮುಖ, ಹೆಣ್ಣು ನೈತಿಕವಾಗಿ ಗಂಡಿಗಿಂತ ಮೇಲು, ಆದ್ದರಿಂದಲೇ ಎಷ್ಟು ಬೇಕಾದರೂ ತ್ಯಾಗ ಮಾಡಬಲ್ಲಳು ಎಂಬ ನಂಬಿಕೆ ಎಂದು ಆಕೆ ಬರೆದರು. ಜೊತೆಗೆ, ಈ ಏರ್ಪಾಡಿನಿಂದ ಹೆಂಗಸರಿಗೂ ಲಾಭವಿದೆ, ಅವರಾಗಿಯೇ ಇದನ್ನು ಉಳಿಸಿಕೊಂಡಿದ್ದಾರೆ ಎಂದೂ ಹೇಳಿದರು. ಇದಕ್ಕೆ ತಿರುಗೇಟು ಬಂತು. ಇತಿಹಾಸಕಾರ್ತಿ ಮರೀಸಾ ನವಾರೊ 2002ರಲ್ಲಿ, ಇಡೀ ಖಂಡದ ಹೆಂಗಸರನ್ನು ಒಂದೇ ಅಚ್ಚಿಗೆ ಹಾಕಲು ಸ್ಟೀವನ್ಸ್ ಬಳಿ ಇದ್ದ ಆಧಾರ ತೀರಾ ತೆಳು ಎಂದು ತೋರಿಸಿದರು. ಅದಕ್ಕೂ ಮೊದಲು, 1991ರಲ್ಲಿ, ಗ್ವಾಟೆಮಾಲಾದ ಹೆಂಡತಿಯರ ಬಗ್ಗೆ ಬರೆದ ಮಾನವಶಾಸ್ತ್ರಜ್ಞೆ ಟ್ರೇಸಿ ಬಾಕ್ರಾಕ್ ಎಲರ್ಸ್ ಇನ್ನೂ ನೇರವಾಗಿ ಕೇಳಿದ್ದರು: ಈ ಹೆಂಗಸರು ಗಂಡನ ದರ್ಬಾರನ್ನು ಸಹಿಸುವುದು ಮರಿಯಳ ಮೇಲಿನ ಭಕ್ತಿಯಿಂದಲೋ, ಕೈಯಲ್ಲಿ ಕಾಸಿಲ್ಲದ್ದರಿಂದಲೋ? ಅವರ ಉತ್ತರ ಎರಡನೆಯದು. ನನ್ನ ಒಲವೂ ಆ ಕಡೆಗೇ. ಸಂಸ್ಕೃತಿ ಎಂದು ನಾವು ಬರೆದುಕೊಳ್ಳುವ ಎಷ್ಟೋ ಸಂಗತಿ ಜೇಬಿನ ಸಂಗತಿ.

'ಪರಂಪರೆ' ಎನ್ನುವಾಗಲೂ ಹುಷಾರಾಗಿರಬೇಕು. ಮೆಕ್ಸಿಕೊದಲ್ಲಿ ಮೇ 10 ತಾಯಂದಿರ ದಿನ. ಅಂಗಡಿ, ಶಾಲೆ, ಚರ್ಚು ಎಲ್ಲ ಕಡೆ ಅದರದ್ದೇ ಸಡಗರ. ಅನಾದಿ ಕಾಲದಿಂದ ನಡೆದುಬಂದ ಹಬ್ಬ ಅನ್ನಿಸುತ್ತದೆ. ಅದನ್ನು ಶುರು ಮಾಡಿದ್ದು 1922ರಲ್ಲಿ, 'ಎಕ್ಸೆಲ್ಸಿಯೊರ್' ಎಂಬ ಪತ್ರಿಕೆ. ಯುಕತಾನ್ ಪ್ರಾಂತ್ಯದಲ್ಲಿ ಹೆಂಗಸರಿಗೆ ಗರ್ಭನಿರೋಧದ ಕರಪತ್ರ ಹಂಚುತ್ತಿದ್ದಾರೆ ಎಂಬ ಗದ್ದಲ ಎದ್ದ ಹೊತ್ತು ಅದು. ತಾಯ್ತನವೇ ಹೆಣ್ಣಿನ ಸಾರ್ಥಕ್ಯ ಎಂದು ಸಾರಲು ಹಬ್ಬ ಹುಟ್ಟಿತು. 1949ರ ಮೇ 10ರಂದು ರಾಜಧಾನಿಯಲ್ಲಿ ತಾಯಿಯ ಸ್ಮಾರಕ ಎದ್ದು ನಿಂತಿತು. ಅದರ ಫಲಕದಲ್ಲಿ ಬರೆದದ್ದು, 'ನಮ್ಮನ್ನು ಕಾಣುವ ಮೊದಲೇ ಪ್ರೀತಿಸಿದವಳಿಗೆ' ಎಂದು. 1991ರಲ್ಲಿ ಸ್ತ್ರೀವಾದಿಗಳು ಅಲ್ಲೇ ಇನ್ನೊಂದು ಫಲಕ ಕೂರಿಸಿದರು: 'ಏಕೆಂದರೆ ಅವಳ ತಾಯ್ತನ ಅವಳೇ ಒಪ್ಪಿಕೊಂಡದ್ದು'. ಹಳೆಯ ಫಲಕವನ್ನು ಅವರು ಒಡೆಯಲಿಲ್ಲ, ಅದರ ವಾಕ್ಯವನ್ನು ಮುಂದುವರಿಸಿದರು. ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಅಳತೆಯ ವಿಷಯ. 2010ರಲ್ಲಿ ಮನಶ್ಶಾಸ್ತ್ರಜ್ಞೆ ಲಿಂಡಾ ಕಾಸ್ತಿಯೊ ಮತ್ತು ಸಂಗಡಿಗರು ಮರಿಯಾನಿಸ್ಮೊ ನಂಬಿಕೆಗಳನ್ನು ಅಳೆಯುವ 24 ಹೇಳಿಕೆಗಳ ಒಂದು ಮಾಪಕ ಮಾಡಿದರು. ಪ್ರತಿ ಹೇಳಿಕೆಗೂ 1ರಿಂದ 4ರವರೆಗೆ ಅಂಕ, 'ಖಂಡಿತ ಒಪ್ಪುವುದಿಲ್ಲ'ದಿಂದ 'ಖಂಡಿತ ಒಪ್ಪುತ್ತೇನೆ' ತನಕ. ಇದರ ದೊಡ್ಡ ಉಪಕಾರವೆಂದರೆ ಗಂಟನ್ನು ಐದು ಎಳೆಯಾಗಿ ಬಿಡಿಸಿದ್ದು. ಒಂದು, ಮನೆಗೆ ಆಧಾರಸ್ತಂಭವಾಗಿರುವುದು, 5 ಹೇಳಿಕೆ. ಎರಡು, ಶೀಲ ಮತ್ತು ಕನ್ಯತ್ವ, 5. ಮೂರು, ಗಂಡಸಿನ ಮಾತಿಗೆ ತಗ್ಗುವುದು, 5. ನಾಲ್ಕು, ಮನೆಯ ಶಾಂತಿಗಾಗಿ ತನ್ನ ಬಾಯಿಗೆ ಬೀಗ ಹಾಕಿಕೊಳ್ಳುವುದು, 6. ಐದು, ಮನೆಯ ದೇವರು-ದಿಂಡರ ಹೊಣೆ, 3.

ಈ ಮಾಪಕವನ್ನು ಬಳಸುವವರು ಮಾಡುವ ಮೊದಲ ತಪ್ಪು, 24 ಹೇಳಿಕೆಗಳ ಅಂಕಗಳನ್ನೆಲ್ಲ ಕೂಡಿ ಒಂದೇ ಸಂಖ್ಯೆ ಮಾಡಿ 'ಈಕೆ ತುಂಬಾ ಸಾಂಪ್ರದಾಯಿಕ' ಎಂದು ತೀರ್ಪು ಕೊಡುವುದು. ಹಾಗೆ ಮಾಡಿದರೆ ಮಾಪಕ ಮಾಡಿದ್ದೇ ದಂಡ. ಪ್ರತಿ ಎಳೆಗೂ ಸರಾಸರಿ ಬೇರೆ ತೆಗೆಯಬೇಕು. ಮೊದಲನೆಯ ಎಳೆಯಲ್ಲಿ 3.6, ನಾಲ್ಕನೆಯದರಲ್ಲಿ 1.5 ಬಂದವಳಿದ್ದಾಳೆ ಎನ್ನೋಣ. ಆಕೆ ಮನೆಯನ್ನು ಎದೆಗೆ ಅವಚಿಕೊಂಡವಳು, ಆದರೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುವವಳು. ಎರಡರಲ್ಲೂ 3.5ಕ್ಕಿಂತ ಹೆಚ್ಚು ಬಂದವಳು ಬೇರೆಯೇ ಮನುಷ್ಯಳು. ಮೆಕ್ಸಿಕನ್ ಮೂಲದ ಹದಿಹರೆಯದ ಹುಡುಗಿಯರ ನಡುವೆ ನಡೆದ ಕೆಲವು ಅಧ್ಯಯನಗಳಲ್ಲಿ, ಮನೆಗೆ ಆಧಾರವಾಗಬೇಕೆಂಬ ಆಸೆ ಓದಿನ ಛಲದ ಜೊತೆ ಹೋಗುತ್ತದೆ. ಬಾಯಿಗೆ ಬೀಗ ಮತ್ತು ತಗ್ಗುವುದು, ಈ ಎರಡು ಎಳೆಗಳು ಖಿನ್ನತೆಯ ಕಡೆಗೆ ಎಳೆಯುತ್ತವೆ.

ಹಾಗೆಂದು ಆಧಾರಸ್ತಂಭ ಒಳ್ಳೆಯದು, ಬೀಗ ಕೆಟ್ಟದ್ದು ಎಂದು ಎರಡು ಡಬ್ಬಿ ಮಾಡಿ ಮನೆಗೆ ಹೋಗಬೇಡಿ. 2008ರಿಂದ 2011ರ ನಡುವೆ ನ್ಯೂಯಾರ್ಕಿನ ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯೇಗೊಗಳಲ್ಲಿ 18ರಿಂದ 74 ವಯಸ್ಸಿನ 16,415 ಲತೀನೊ ಜನರನ್ನು ಸೇರಿಸಿಕೊಂಡ ದೊಡ್ಡ ಆರೋಗ್ಯ ಅಧ್ಯಯನವೊಂದಿದೆ. ಅದರ ಒಂದು ಉಪ-ಅಧ್ಯಯನದಲ್ಲಿ, ಮನೆಯ ಆಧಾರ ಮತ್ತು ದೇವರ ಹೊಣೆ ಎಂಬ ಎಳೆಗಳೇ ಖಿನ್ನತೆ, ಆತಂಕ, ಸಿಟ್ಟಿನಂಥ ಭಾವನೆಗಳ ಜೊತೆ ಸೇರಿಕೊಂಡು ಕಂಡವು. ಹದಿನಾರರ ಹುಡುಗಿಗೆ 'ನಾನು ನಮ್ಮ ಮನೆಯ ಕಂಬ' ಅನ್ನುವುದು ಕನಸು. ನಲವತ್ತೈದರ ಹೆಂಗಸಿಗೆ ಅದು ಬೆನ್ನಿನ ಮೇಲಿನ ನಿಜವಾದ ಭಾರ. ನನ್ನ ಓದಿನಲ್ಲಿ ಎರಡು ಫಲಿತಾಂಶಗಳೂ ಹೊಂದಿಕೊಳ್ಳುತ್ತವೆ: ಕಂಬವಾಗಿರುವುದು ತೊಂದರೆಯಲ್ಲ, ಒಂದೇ ಕಂಬದ ಮೇಲೆ ಮನೆ ನಿಲ್ಲಿಸಿದ್ದು ತೊಂದರೆ.

ಆತ್ಮಗೌರವವನ್ನು ಅಳೆಯಲು ಎಲ್ಲರೂ ಕೈಹಾಕುವುದು ಅಮೆರಿಕದ ಸಮಾಜಶಾಸ್ತ್ರಜ್ಞ ಮೋರಿಸ್ ರೋಸೆನ್‌ಬರ್ಗ್ 1965ರಲ್ಲಿ ಕೊಟ್ಟ 10 ಹೇಳಿಕೆಗಳಿಗೆ. ಐದು ನೇರ, ತನ್ನನ್ನು ಮೆಚ್ಚಿಕೊಳ್ಳುವಂಥವು; ಐದು ತಿರುಗುಮುರುಗು, ತನ್ನನ್ನು ಹಳಿದುಕೊಳ್ಳುವಂಥವು. 0ಯಿಂದ 3ರಂತೆ ಅಂಕ ಹಾಕಿದರೆ ಒಟ್ಟು 30. 2, 5, 6, 8, 9ನೆಯ ಹೇಳಿಕೆಗಳನ್ನು ತಿರುಗಿಸಿ ಎಣಿಸಬೇಕು; ಅದನ್ನು ಮರೆತ ವಿದ್ಯಾರ್ಥಿ ಪ್ರಬಂಧಗಳಲ್ಲಿ ಎಲ್ಲರೂ 15ರ ಆಸುಪಾಸು ಬಂದು ಕೂತಿರುತ್ತಾರೆ. ಎಂಟನೆಯ ಹೇಳಿಕೆಯೇ ಕಾಟ ಕೊಡುವಂಥದ್ದು: 'ನನ್ನ ಬಗ್ಗೆ ನನಗೆ ಇನ್ನೂ ಹೆಚ್ಚು ಗೌರವ ಇದ್ದಿದ್ದರೆ ಚೆನ್ನಾಗಿತ್ತು'. ಒಪ್ಪಿದರೆ ಅಂಕ ಕಡಿಮೆ. 2005ರಲ್ಲಿ 53 ದೇಶಗಳ ಅಂಕಗಳನ್ನು ಹೋಲಿಸಿದ ಅಧ್ಯಯನದಲ್ಲೂ ಈ ಹೇಳಿಕೆ ಹಲವು ಕಡೆ ಉಳಿದವುಗಳ ಜೊತೆ ಹೊಂದಿಕೊಳ್ಳಲಿಲ್ಲ. 'ರೆಸ್ಪೆತೊ' ಅನ್ನುವುದನ್ನು ಉಸಿರಿನಂತೆ ಬಳಸುವ ಹೆಂಗಸು, ಗೌರವ ಇನ್ನೂ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಧಾರಾಳವಾಗಿ ಒಪ್ಪಿಬಿಡುತ್ತಾಳೆ. ಅದನ್ನು ಕೀಳರಿಮೆ ಎಂದು ಓದಬಾರದು. ಸಿಂಪತೀಯಾದ ಇನ್ನೊಂದು ಪರಿಣಾಮವೂ ಇದೆ. ಪ್ರಶ್ನೆ ಕೇಳುವವಳ ಮನಸ್ಸು ನೋಯಬಾರದೆಂದು ಎಲ್ಲಕ್ಕೂ 'ಹೌದು' ಅನ್ನುವುದು. ನೇರ ಹೇಳಿಕೆಗೂ ತಿರುಗುಮುರುಗು ಹೇಳಿಕೆಗೂ ಒಂದೇ ಸಮ ಹೌದು ಬಂದಿದ್ದರೆ ಆ ಹಾಳೆಯನ್ನು ಬದಿಗಿಟ್ಟು ಬಾಯಿಮಾತಿನಲ್ಲಿ ಮತ್ತೆ ಕೇಳಿ.

ಕನ್ನಡದಲ್ಲಿ ಇದನ್ನು ಅನುವಾದಿಸುವವರಿಗೆ ಒಂದು ಅಡ್ಡಮಾತು. 'ಸ್ವಾಭಿಮಾನ' ಅಂದರೆ ನಮ್ಮಲ್ಲಿ ಯಾರಿಗೂ ತಲೆಬಾಗದಿರುವುದು ಎಂಬ ವಾಸನೆ ಬರುತ್ತದೆ. ಸ್ಪ್ಯಾನಿಷಿನ 'ಒರ್ಗುಯೊ' ಅದಕ್ಕೆ ಹತ್ತಿರ. 'ಔತೊಎಸ್ತೀಮಾ'ಗೆ ನಾನು ಆತ್ಮಗೌರವ ಎಂದೇ ಹೇಳುತ್ತಿರುವುದು ಅದಕ್ಕೆ.

ಅಂಕ ಸಾಕು, ಮನೆಯೊಳಗೆ ಬರೋಣ. ಊಟದ ಮೇಜು. ಅಮ್ಮ ಒಲೆಯ ಮುಂದೆ ತೊರ್ತಿಯಾ ಬಿಸಿ ಮಾಡುತ್ತಿದ್ದಾಳೆ. 'ಸೀರ್ವೆಲೆ ಅ ತು ಎರ್ಮಾನೊ', ನಿನ್ನ ಅಣ್ಣನಿಗೆ ಬಡಿಸು. ಅಣ್ಣನಿಗೆ ಇಪ್ಪತ್ತೆರಡು, ಬಡಿಸಿಕೊಳ್ಳಲು ಕೈಯಿದೆ. ತಂಗಿ ಎದ್ದು ಬಡಿಸುತ್ತಾಳೆ, ತನ್ನ ತಟ್ಟೆ ಆರಿಹೋಗುತ್ತದೆ. ಮೆಕ್ಸಿಕನ್ ಮನೆಯಲ್ಲಿ ಹಿರಿಯರು ಕರೆದರೆ 'ಏನು?' ಎಂದು ಕೇಳಬಾರದು; 'ಮಾಂದೆ?' ಅನ್ನಬೇಕು. ಅದರ ಶಬ್ದಾರ್ಥ 'ಅಪ್ಪಣೆಯಾಗಲಿ'. ಗಂಡುಮಕ್ಕಳಿಗೂ ಅದನ್ನು ಕಲಿಸುತ್ತಾರೆ, ನಿಜ. ಆದರೆ ಅಪ್ಪಣೆ ಆಗುವುದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ.

ಅದೇ ಹುಡುಗಿ ಹನ್ನೊಂದು ಹನ್ನೆರಡನೆಯ ವಯಸ್ಸಿನಿಂದ ಮನೆಯ ದುಭಾಷಿ. ಬ್ಯಾಂಕಿನ ಕಾಗದ, ಬಾಡಿಗೆ ಕರಾರು, ಶಾಲೆಯ ಪತ್ರ, ಕೊನೆಗೆ ಅಮ್ಮನ ಗರ್ಭಕೋಶದ ತಪಾಸಣೆಯ ಫಲಿತಾಂಶ ಕೂಡ ಅವಳ ಬಾಯಿಂದಲೇ ಬರಬೇಕು. ಹೊರಗೆ ದೊಡ್ಡವರ ಕೆಲಸ, ಒಳಗೆ ಬಂದ ಕೂಡಲೇ 'ಸುಮ್ಮನಿದ್ದರೆ ಚೆಂದ'. ಆತ್ಮಗೌರವಕ್ಕೆ ಪೆಟ್ಟು ಬೀಳುವುದು ಈ ತಿರುವಿನಲ್ಲಿ. ಅವಳ ಸಾಮರ್ಥ್ಯ ಮನೆಗೆ ಬೇಕು, ಅವಳ ಅಭಿಪ್ರಾಯ ಬೇಡ. ಅಮೆರಿಕದ ಆರೋಗ್ಯ ಸುಧಾರಣಾ ಕಾಯ್ದೆಯ 1557ನೆಯ ಸೆಕ್ಷನ್ನಿನಡಿ 2016ರಲ್ಲಿ ಬಂದ ನಿಯಮದ ಪ್ರಕಾರ, ಸರ್ಕಾರದ ನೆರವು ಪಡೆಯುವ ಆಸ್ಪತ್ರೆಗಳು ತುರ್ತು ಪರಿಸ್ಥಿತಿ ಬಿಟ್ಟು ಬೇರೆ ಹೊತ್ತಿನಲ್ಲಿ ಅಪ್ರಾಪ್ತ ಮಕ್ಕಳನ್ನು ದುಭಾಷಿಯಾಗಿ ನೆಚ್ಚಿಕೊಳ್ಳುವ ಹಾಗಿಲ್ಲ. ತರಬೇತಾದ ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು. ಆದರೆ ಕೇಳಿದರೆ ಮಾತ್ರ ಸಿಗುವುದು ಎಂಬಂತೆ ಎಷ್ಟೋ ಕಡೆ ನಡೆಯುತ್ತದೆ. ಆದ್ದರಿಂದ ಸಮಯ ಗೊತ್ತು ಮಾಡುವ ಫೋನಿನಲ್ಲೇ ಭಾಷೆ ಯಾವುದೆಂದು ಬರೆಸಬೇಕು. ಹೋದ ಮೇಲೆ ಕೇಳಿದರೆ 'ಮಗಳು ಬಂದಿದ್ದಾಳಲ್ಲ' ಎನ್ನುತ್ತಾರೆ.

ಲತೀನಾ ಹುಡುಗಿಯರ ಆತ್ಮಹತ್ಯಾ ಪ್ರಯತ್ನಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಲೂಯಿಸ್ ಸಾಯಾಸ್ ಮತ್ತು ಸಂಗಡಿಗರು ಕಂಡುಕೊಂಡದ್ದನ್ನು ಇಲ್ಲಿ ಹೇಳಲೇಬೇಕು. ಪ್ರಯತ್ನಕ್ಕೆ ಇಳಿದ ಹುಡುಗಿಯರಲ್ಲಿ ಅಮ್ಮನ ಜೊತೆಗಿನ ಒಡನಾಟ, ಪರಸ್ಪರ ಅರ್ಥವಾಗುವುದು, ಉಳಿದವರಿಗಿಂತ ಕಡಿಮೆ ಇತ್ತು. ಸ್ವತಂತ್ರಳಾಗಬೇಕು ಎಂಬ ಹುಡುಗಿಯ ಆಸೆಗೂ ಮನೆಯ ಕಟ್ಟಿಗೂ ಜಗಳ ಬಿದ್ದಾಗ, ಅಮ್ಮನನ್ನು ಬಿಟ್ಟು ಬಾ ಎಂದು ಕಲಿಸುವುದು ಮದ್ದಾಗುವುದಿಲ್ಲ. 2008ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಕೊಮುನಿಲೈಫ್ ಸಂಸ್ಥೆ ಶುರು ಮಾಡಿದ 'ಲೈಫ್ ಈಸ್ ಪ್ರೆಶಸ್' ಕಾರ್ಯಕ್ರಮ ಶಾಲೆ ಬಿಟ್ಟ ಮೇಲೆ ಹುಡುಗಿಯರಿಗೆ ಓದಿನ ನೆರವು, ಚಿತ್ರ, ಸಂಗೀತ ಕೊಡುತ್ತದೆ, ಮನೆಯವರನ್ನೂ ಒಳಗೆ ಕರೆದುಕೊಳ್ಳುತ್ತದೆ. ಈಗಲೇ ಅಪಾಯದಲ್ಲಿ ಇರುವವರಿಗೆ ಅಮೆರಿಕದಲ್ಲಿ 988 ಸಹಾಯವಾಣಿ ಇದೆ. ಸ್ಪ್ಯಾನಿಷಿಗೆ 2 ಒತ್ತಬೇಕು.

ಹಾಗಾದರೆ ಬಾಯಿ ಬಿಡುವುದು ಹೇಗೆ? ಒಂದು ಸಂದರ್ಭ ಇಟ್ಟುಕೊಳ್ಳೋಣ. ಮಗಳಿಗೆ ಇಪ್ಪತ್ತು. ನಾಳೆ ಬೆಳಿಗ್ಗೆ ಪರೀಕ್ಷೆ. ಅಮ್ಮ, 'ಮಿಹಾ (ಮಗಳೇ), ನಾಳೆ ಚಿಕ್ಕಮ್ಮನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗು' ಎನ್ನುತ್ತಾಳೆ. ಸುಮ್ಮನೆ ಹೋಗಿ ಒಳಗೊಳಗೇ ಕುದಿಯುವುದು ಒಂದು ದಾರಿ. ಸುಳ್ಳು ಹೇಳಿ ಜಾರಿಕೊಳ್ಳುವುದು ಇನ್ನೊಂದು. ಮೂರನೆಯದು, ಅಮೆರಿಕದ ಆಪ್ತಸಲಹೆಯ ಕೋಣೆಯಲ್ಲಿ ಕಲಿತು ಬಂದ 'ಆಗುವುದಿಲ್ಲ, ಇದು ನನ್ನ ಮಿತಿ'. ವಾಕ್ಯದಲ್ಲಿ ತಪ್ಪಿಲ್ಲ. ಅಮ್ಮನ ಕಿವಿಗೆ ಮಾತ್ರ ಅದು 'ನೀವು ನನಗೆ ಯಾರೂ ಅಲ್ಲ' ಎಂದು ಕೇಳಿಸುತ್ತದೆ.

1985ರಲ್ಲೇ ಮನಶ್ಶಾಸ್ತ್ರಜ್ಞೆ ಲಿಲಿಯನ್ ಕೋಮಾಸ್-ದೀಯಾಸ್, ಅಮೆರಿಕದಲ್ಲಿ ನೆಲೆಸಿದ್ದ ಪೋರ್ಟೊ ರಿಕನ್ ಹೆಂಗಸರಿಗೆ ದಿಟ್ಟವಾಗಿ ಮಾತಾಡುವ ತರಬೇತಿ ಕೊಡುತ್ತ ಇದಕ್ಕೊಂದು ಜಾಣ ದಾರಿ ಹುಡುಕಿದರು. ರೆಸ್ಪೆತೊವನ್ನು ಕೈಬಿಡಬೇಡಿ, ಅದರ ಬೆನ್ನೇರಿ ಮಾತಾಡಿ. ವಾಕ್ಯವನ್ನು 'ಕೊನ್ ತೋದೊ ರೆಸ್ಪೆತೊ', ಅಂದರೆ 'ನಿಮ್ಮ ಮೇಲಿನ ಗೌರವ ಪೂರ್ತಿ ಇಟ್ಟುಕೊಂಡೇ' ಎಂದು ಶುರು ಮಾಡಿ. ಇಲ್ಲವೇ, ನನಗೆ ಅನ್ನಿಸಿದ್ದನ್ನು ಹೇಳಲು ಅಪ್ಪಣೆ ಕೊಡುತ್ತೀರಾ ಎಂದು ಕೇಳಿ. ಹಳೆಯ ಫಲಕ ಅಲ್ಲೇ ಇರುತ್ತದೆ, ವಾಕ್ಯ ಮುಂದುವರಿಯುತ್ತದೆ.

ಅಲ್ಲಿ ಬಹಳ ಮನೆಗಳಲ್ಲಿ ಅಮ್ಮನಿಗೂ 'ಉಸ್ತೆದ್', ನೀವು ಎನ್ನುತ್ತಾರೆ. ಅದನ್ನು ಉಳಿಸಿಕೊಂಡು ಆ ಹುಡುಗಿಯ ಮಾತು ಹೀಗಿರಬಹುದು:

'ಅಮ್ಮಾ, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಹೇಳ್ತಿದೀನಿ. ಚಿಕ್ಕಮ್ಮನ್ನ ಒಬ್ಬರೇ ಕಳಿಸೋಕೆ ನಿಮಗೆ ಮನಸ್ಸು ಬರಲ್ಲ, ಅದು ನನಗೂ ಗೊತ್ತು. ನಾಳೆ ಎಂಟೂವರೆಗೆ ನನಗೆ ಪರೀಕ್ಷೆ. ಇದನ್ನ ನಿಮಗೆ ಹೇಳೋಕೂ ನನಗೆ ಭಯ ಆಗ್ತಿದೆ. ಬೆಳಿಗ್ಗೆ ಅಣ್ಣ ಕರ್ಕೊಂಡು ಹೋಗ್ಲಿ. ದುಭಾಷಿ ಬೇಕು ಅಂತ ಕ್ಲಿನಿಕ್ಕಿಗೆ ನಾನೇ ಈಗ ಫೋನ್ ಮಾಡಿ ಬರೆಸ್ತೀನಿ. ಗುರುವಾರ ಔಷಧಿ ತಂದುಕೊಡೋದು ನನ್ನ ಕೆಲಸ.'

ಬಿಡಿಸಿ ನೋಡಿ. ಗೌರವ, ಆಮೇಲೆ ಅಮ್ಮನ ಚಿಂತೆಗೆ ಒಪ್ಪಿಗೆ, ಆಮೇಲೆ ತನ್ನ ಸಂಗತಿ ಮತ್ತು ತನ್ನ ಭಾವನೆ, ಕೊನೆಗೆ ಗಂಟೆ-ವಾರ ಸಮೇತ ಬದಲಿ ಏರ್ಪಾಡು. ಎಲ್ಲೂ 'ಆದರೆ' ಇಲ್ಲ. 'ಗೌರವ ಇದೆ, ಆದರೆ' ಎಂದರೆ ಮೊದಲಿನದೆಲ್ಲ ಅಳಿಸಿ ಹೋಗುತ್ತದೆ. ಅಣ್ಣನ ಹೆಸರು ಬಂದಿದೆ. ಕೆಲಸ ಇನ್ನೊಂದು ಹೆಗಲಿಗೆ ಹೋಗದಿದ್ದರೆ ಅದು ಅಮ್ಮನ ಹೆಗಲಿಗೇ ಬೀಳುತ್ತದೆ, ಮಗಳಿಗೆ ಅಪರಾಧಿ ಭಾವ ಉಳಿಯುತ್ತದೆ. ಅಣ್ಣನನ್ನು ಒಪ್ಪಿಸುವಾಗಲೂ ಮನೆಯೊಳಗಿನ ಪದವೇ ಕೆಲಸಕ್ಕೆ ಬರುತ್ತದೆ. 2008ರಲ್ಲಿ ಮಾಡಿದ ಒಂದು ಮಾಪಕ ಮಚಿಸ್ಮೊ ಜೊತೆಗೆ 'ಕಬಯೆರಿಸ್ಮೊ'ವನ್ನೂ ಅಳೆಯುತ್ತದೆ: ಮನೆಯವರನ್ನು ಕಾಯುವ, ಮಾತಿಗೆ ನಿಲ್ಲುವ ಗಂಡಸುತನ. 'ನಿನಗೆ ಹೆಣ್ಣಿನ ಕಷ್ಟ ಗೊತ್ತಿಲ್ಲ' ಎನ್ನುವುದಕ್ಕಿಂತ 'ನೀನು ಕಬಯೆರೊ ತಾನೆ' ಎನ್ನುವುದು ಬೇಗ ತಾಗುತ್ತದೆ.

ಏನು ಕೆಡುತ್ತದೆ? ಸಿಟ್ಟು ಬಂದ ಕೂಡಲೇ ಮಗಳು ಇಂಗ್ಲಿಷಿಗೆ ಜಾರುತ್ತಾಳೆ. ಅಮ್ಮನಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿದ ನ್ಯಾಯ ಅವಮಾನವಾಗುತ್ತದೆ. ನೆಂಟರ ಎದುರು ಹೇಳಿದರೆ ವಿಷಯ ಎಲ್ ಕೆ ದಿರಾನ್ ಕಡೆಗೆ ಹೊರಳುತ್ತದೆ. ಮೊದಲ ಸಲವೇ ದೊಡ್ಡ ವಿಷಯಕ್ಕೆ, ಅಂದರೆ ದೂರದ ಕಾಲೇಜು, ಬೇರೆ ಮನೆ ಇಂಥದ್ದಕ್ಕೆ ಕೈಹಾಕಿದರೆ ಸೋಲು ಹೆಚ್ಚು. ತಟ್ಟೆ, ಇಸ್ತ್ರಿ, ಒಂದು ಶನಿವಾರ ಇಷ್ಟರಿಂದ ಶುರು ಮಾಡಬೇಕು. ಅಮ್ಮನ ಮೊದಲ ಉತ್ತರ ಬಹುಶಃ 'ಆಸ್ ಲೊ ಕೆ ಕಿಯೇರಾಸ್' ಆಗಿರುತ್ತದೆ. 'ನಿನ್ನ ಇಷ್ಟ, ಏನು ಬೇಕಾದರೂ ಮಾಡ್ಕೋ.' ಇದು ಅನುಮತಿ ಅಲ್ಲ ಎಂದು ಕನ್ನಡದ ಯಾವ ಮಗಳಿಗೂ ಹೇಳಿಕೊಡಬೇಕಾಗಿಲ್ಲ. ಆಗ ವಾದ ಮಾಡದೆ, ಹೇಳಿದ ಫೋನನ್ನು ಮಾಡಿ, ಗುರುವಾರದ ಔಷಧಿಯನ್ನು ತಪ್ಪದೆ ತರಬೇಕು. ಮಾತು ನಂಬಿಕೆಯಾಗುವುದು ಗುರುವಾರದಂದು.

ಒಂದು ಎಚ್ಚರಿಕೆ. ಕೈಮಾಡುವ ಗಂಡನಿರುವ ಮನೆಯಲ್ಲಿ ಇದನ್ನು ಕಲಿಸಿ ಕಳಿಸಬೇಡಿ. ಅಲ್ಲಿ ದಿಟ್ಟ ಮಾತು ಏಟಿಗೆ ದಾರಿಯಾಗಬಹುದು. ಮೊದಲು ಸುರಕ್ಷತೆಯ ಏರ್ಪಾಡು, ಕಾಗದಪತ್ರಗಳ ಪ್ರತಿ ಬೇರೆ ಕಡೆ ಇಡುವುದು, ವಕೀಲರು. ವೀಸಾ ಗಂಡನ ಕೈಲಿದೆ ಎಂದು ಹೆದರಿ ಕೂತವರಿಗೆ, ಹಿಂಸೆಗೆ ಒಳಗಾದ ಹೆಂಡತಿ ಕೆಲವು ಸಂದರ್ಭಗಳಲ್ಲಿ ತಾನೇ ಅರ್ಜಿ ಹಾಕಿಕೊಳ್ಳುವ ಅವಕಾಶ ಅಮೆರಿಕದ 1994ರ ಕಾಯ್ದೆಯಲ್ಲಿದೆ.

ಗುಂಪು ಕಟ್ಟುವವರಿಗೆ ಸ್ವಲ್ಪ ವಿವರ. 'ಥೆರಪಿ' ಎಂದು ಕರೆದರೆ ಬರುವುದಿಲ್ಲ, ಅದು ಹುಚ್ಚರಿಗೆ ಎಂಬ ಭಾವನೆ ಇನ್ನೂ ಗಟ್ಟಿ. 'ಪ್ಲಾತಿಕಾ' ಎನ್ನಿ, ಮಾತುಕತೆ. 8ರಿಂದ 10 ಜನ, ಒಂದೂವರೆ ಗಂಟೆ, ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಒಬ್ಬರು. ಈ ಒಬ್ಬರಿಗೆ ದುಡ್ಡಿಲ್ಲದಿದ್ದರೆ ಗುಂಪನ್ನೇ ಶುರು ಮಾಡಬೇಡಿ, ಮೂರನೆಯ ವಾರಕ್ಕೆ ಅರ್ಧ ಖಾಲಿಯಾಗುತ್ತದೆ. ಡಿಸೆಂಬರಿನಲ್ಲಿ ಬೇಡವೇ ಬೇಡ: 12ಕ್ಕೆ ಮೆಕ್ಸಿಕೊದವರು ಪೂಜಿಸುವ ಮರಿಯಳ ರೂಪವಾದ ಗ್ವಾದಲೂಪೆ ಮಾತೆಯ ಹಬ್ಬ, 16ರಿಂದ 24 ಕ್ರಿಸ್ಮಸ್ ಮುಂಚಿನ ಸಂಜೆಕೂಟಗಳಾದ ಪೊಸಾದಾಗಳು, ಅಡುಗೆಯೆಲ್ಲ ಇವರದೇ. ಫೆಬ್ರವರಿ 2ರ ಕಂದೆಲಾರಿಯಾ ಹಬ್ಬದ ತಮಾಲೆ ಬೇಯಿಸಿ ಮುಗಿದ ಮೇಲೆ ಶುರು ಮಾಡಿದರೆ ಕೆಲವು ವಾರ ನಿರಾಳ. ಮೊದಲ ದಿನ ಕಷ್ಟ ಕೇಳಬಾರದು. ಯಾವ ಊರು, ಮನೆಯಲ್ಲಿ ಯಾರ್ಯಾರು, ಅಮ್ಮ ಏನು ಅಡುಗೆ ಚೆನ್ನಾಗಿ ಮಾಡುತ್ತಿದ್ದಳು, ಇಷ್ಟೇ. ನಡೆಸುವವಳು ಅದೇ ಬೀದಿಯ ಹೆಂಗಸಾದರೆ ಉತ್ತಮ. ಅಲ್ಲಿ ಅವರನ್ನು 'ಪ್ರೊಮೊತೋರಾ' ಎನ್ನುತ್ತಾರೆ, ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಸಿಕೊಳ್ಳಿ. ಆದರೆ ಅದೇ ಬೀದಿಯವಳು ಎಂದಾಗ 'ಚೀಸ್ಮೆ', ಚಾಡಿಮಾತಿನ ಭಯವೂ ಬರುತ್ತದೆ. ಇಲ್ಲಿ ಆಡಿದ್ದು ಇಲ್ಲೇ ಎಂಬ ನಿಯಮವನ್ನು ಪ್ರತಿ ವಾರ ಬಾಯಿಬಿಟ್ಟು ಹೇಳಬೇಕು, ಒಂದು ಸಲ ಕಾಗದದಲ್ಲಿ ಕೊಟ್ಟರೆ ಸಾಲದು.

ಗಾದೆಗಳನ್ನು ಬಳಸಿ. ಬೀದಿಗೆ ದೀಪ, ಮನೆಗೆ ಕತ್ತಲೆ ಎಂಬರ್ಥದ ಗಾದೆಯೊಂದಿದೆ, 'ಕಂದೀಲ್ ದೆ ಲಾ ಕಾಯೆ, ಒಸ್ಕುರಿದಾದ್ ದೆ ಸು ಕಾಸಾ'. ಊರಿಗೆ ಉಪಕಾರಿ ಮನೆಗೆ ಮಾರಿ ಅಂತೀವಲ್ಲ, ಅದೇ. ಇದನ್ನು ತಿರುಗಿಸಿ ಕೇಳಬಹುದು: ಎಲ್ಲರ ಮನೆಗೂ ದೀಪವಾದವಳು ತನ್ನೊಳಗೆ ಕತ್ತಲೆಯಾದರೆ? ನಗು ಬರುತ್ತದೆ, ಆಮೇಲೆ ಮಾತು ಬರುತ್ತದೆ. ದೇವರನ್ನೂ ಹೊರಗಿಡಬೇಡಿ. 1966ರಲ್ಲಿ ಕ್ಯಾಲಿಫೋರ್ನಿಯಾದ ಹೊಲಗೆಲಸದವರು ಡೆಲಾನೊದಿಂದ ಸ್ಯಾಕ್ರಮೆಂಟೊಗೆ ನಡೆದಾಗ ಮುಂದೆ ಹಿಡಿದದ್ದು ಗ್ವಾದಲೂಪೆಯ ಪಟವನ್ನೇ. ಆ ಹೊಲಗೆಲಸದವರ ಸಂಘವನ್ನು 1962ರಲ್ಲಿ ಕಾರ್ಮಿಕ ನಾಯಕ ಸೆಸಾರ್ ಚಾವೆಸ್ ಜೊತೆ ಕಟ್ಟಿದ ದೊಲೋರೆಸ್ ಉಎರ್ತಾ ಹನ್ನೊಂದು ಮಕ್ಕಳ ತಾಯಿ. ತಾಯ್ತನದ ಮಾತು ಬಂದಾಗ ಈ ಹೆಸರು ಕೈಯಲ್ಲಿರಲಿ.

ಮೈಯ ಭಾಷೆಯನ್ನೂ ತಿಳಿದಿರಬೇಕು. ಎದೆಯಿಂದ ತಲೆಗೆ ಕಾವು ಏರಿ, ನಡುಗಿ, ಕಿರುಚಿ ಅಳುವುದಕ್ಕೆ 'ಅತಾಕೆ ದೆ ನೆರ್ವಿಯೊಸ್' ಎಂಬ ಹೆಸರಿದೆ. ಅಮೆರಿಕದ ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ನಮ್ಮ ಕಡೆಯ 'ಧಾತು' ತೊಂದರೆಯ ಜೊತೆ ಒಂದೇ ಪಟ್ಟಿಯಲ್ಲಿ ಅದೂ ಕೂತಿದೆ. ನಾಟಕ ಎಂದು ತಳ್ಳಿಹಾಕುವ ಮೊದಲು, ಅದರ ಹಿಂದಿನ ದಿನ ಅವಳು ಏನನ್ನು ನುಂಗಿಕೊಂಡಳು ಎಂದು ಕೇಳಿ.

ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸುವ ಸಾಧನ ಒಂದು ಹಾಳೆ. ಏಳು ದಿನ, ದಿನಕ್ಕೆ 48 ಚೌಕ, ಒಂದು ಚೌಕಕ್ಕೆ ಅರ್ಧ ಗಂಟೆ. ಸಂಬಳದ ಕೆಲಸಕ್ಕೆ ಒಂದು ಬಣ್ಣ, ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಗೆ ಇನ್ನೊಂದು, ತನಗಾಗಿ ಕಳೆದ ಹೊತ್ತಿಗೆ ಮೂರನೆಯದು, ನಿದ್ದೆಗೆ ಬಿಳಿ. ಅಣ್ಣನದೂ ಗಂಡನದೂ ಪಕ್ಕದಲ್ಲೇ ತುಂಬಿಸಬೇಕು. ಮೆಕ್ಸಿಕೊದ 2019ರ ರಾಷ್ಟ್ರೀಯ ಸಮಯ ಸಮೀಕ್ಷೆಯಲ್ಲಿ ಹೆಂಗಸರ ಸಂಬಳವಿಲ್ಲದ ಮನೆಗೆಲಸ ವಾರಕ್ಕೆ 39.7 ಗಂಟೆ, ಗಂಡಸರದು 15.2. ಈ ಅಂಕಿ ಕೇಳಿದರೆ ಗಂಡ ತಲೆಯಾಡಿಸಿ ಸುಮ್ಮನಾಗುತ್ತಾನೆ. ತನ್ನದೇ ಮನೆಯ ಹಾಳೆ ನೋಡಿದರೆ ಚೌಕ ಎಣಿಸಲು ಶುರು ಮಾಡುತ್ತಾನೆ. ಹೆಂಗಸರು ಸಾಮಾನ್ಯವಾಗಿ ತಪ್ಪಿಸುವ ಚೌಕಗಳು: ಫೋನಿನಲ್ಲಿ ನೆಂಟರ ವಿಚಾರಣೆ, ಬೇರೆಯವರ ಕಾಗದ ತುಂಬಿಸುವುದು, ರಾತ್ರಿ ಎದ್ದು ಮಗು ನೋಡಿದ್ದು. ಅವು ಕೆಲಸ ಅಂತಲೇ ಅವರಿಗೆ ಅನ್ನಿಸುವುದಿಲ್ಲ.

ಕೊಲಂಬಿಯಾದ ರಾಜಧಾನಿ ಬೊಗೋಟಾ ಈ ಹಾಳೆಯನ್ನೇ ನಗರ ಯೋಜನೆ ಮಾಡಿತು. ಕ್ಲಾಡಿಯಾ ಲೋಪೆಸ್ ಮೇಯರ್ ಆಗಿದ್ದಾಗ, 2020ರ ಅಕ್ಟೋಬರಿನಲ್ಲಿ, ಸಿಯುದಾದ್ ಬೊಲೀವರ್ ಎಂಬ ಬಡ ಭಾಗದಲ್ಲಿ ಮೊದಲ 'ಮಾನ್ಸಾನಾ ದೆಲ್ ಕುಯಿದಾದೊ', ಆರೈಕೆಯ ಕೇರಿ, ತೆರೆಯಿತು. ನಡೆದು ಹೋಗುವ ದೂರದಲ್ಲಿ ಎಲ್ಲ ಒಂದೇ ಕಡೆ. ಹೆಂಗಸು ಮಗುವನ್ನೂ ಕೊಳೆಬಟ್ಟೆಯ ಚೀಲವನ್ನೂ ತರುತ್ತಾಳೆ. ಮಗು ಒಂದು ಕೋಣೆಗೆ, ಬಟ್ಟೆ ಸಾರ್ವಜನಿಕ ಲಾಂಡ್ರಿಗೆ, ಅವಳು ಅರ್ಧಕ್ಕೆ ನಿಂತ ಶಾಲೆಯ ತರಗತಿಗೆ, ಇಲ್ಲವೇ ವಕೀಲರ ಬಳಿಗೆ, ಇಲ್ಲವೇ ವ್ಯಾಯಾಮಕ್ಕೆ. ಗಂಡಸರಿಗೆ ಆರೈಕೆಯ ಕೆಲಸ ಕಲಿಸುವ ಶಾಲೆಯೂ ಇದೆ. ಬಟ್ಟೆ ಒಗೆದು ಸಿಗುವ ಎರಡು ಗಂಟೆ ಆತ್ಮಗೌರವದ ಹತ್ತು ಭಾಷಣಕ್ಕಿಂತ ಮೇಲು ಎಂದು, ಭಾಷಣ ಮಾಡುತ್ತಲೇ, ಹೇಳುತ್ತಿದ್ದೇನೆ.

ಕೊನೆಯದಾಗಿ, ಕ್ಯಾಲಿಫೋರ್ನಿಯಾದಲ್ಲಿ ನೆಂಟರಿರುವ ನಿಮ್ಮಲ್ಲಿ ಹಲವರಿಗೆ. ಅಲ್ಲಿಯ ಕನ್ನಡದ ಮನೆಗಳಲ್ಲೂ ಮಗು ನೋಡಿಕೊಳ್ಳಲು ಲತೀನಾ ಹೆಂಗಸರು ಬರುತ್ತಾರೆ. ಇಂಥ ಕೆಲಸಗಾರ್ತಿಯರ ಸಂಘಟನೆಗಳು, 1990ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ 'ಮುಹೆರೆಸ್ ಉನೀದಾಸ್ ಇ ಆಕ್ತೀವಾಸ್' ಸೇರಿ, ಹೋರಾಡಿ 2013ರಲ್ಲಿ ಒಂದು ಕಾಯ್ದೆ ತಂದವು. ಅದರ ಪ್ರಕಾರ ಮನೆಯಲ್ಲಿ ಮಗುವನ್ನೋ ವೃದ್ಧರನ್ನೋ ನೋಡಿಕೊಳ್ಳುವವರಿಗೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 45 ಗಂಟೆ ದಾಟಿದರೆ ಒಂದೂವರೆ ಪಟ್ಟು ಸಂಬಳ ಕೊಡಬೇಕು. ಮಗುವಿಗೆ ಸಂಬಂಧಿಸದ ಮನೆಗೆಲಸ ವಾರದ ದುಡಿಮೆಯ ಶೇ. 20 ಮೀರಿದರೆ ಈ ಲೆಕ್ಕ ನಡೆಯುವುದಿಲ್ಲ, ಹೆಚ್ಚಿನ ಸಂಬಳ ಇನ್ನೂ ಬೇಗ ಶುರುವಾಗುತ್ತದೆ. ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮುಕ್ಕಾಲು ಗಂಟೆ ತಡವಾಗಿ ಮನೆಗೆ ಬಂದರೆ ಆಕೆ ನಗುತ್ತಲೇ 'ನೊ ಸೆ ಪ್ರೆಓಕೂಪೆ, ಸೆನ್ಯೋರಾ' ಎನ್ನುತ್ತಾಳೆ, ಪರವಾಗಿಲ್ಲ ಮೇಡಂ ಅಂತ. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಕ್ಯಾಲೆಂಡರ್ ಅಂಟಿಸಿ, ಬಂದ ಹೊತ್ತು ಹೋದ ಹೊತ್ತು ಬರೆಯಲು ಹೇಳಿ. ಆ ಮುಕ್ಕಾಲು ಗಂಟೆಯನ್ನು ಅವಳು ಬರೆಯುವುದಿಲ್ಲ, ನಿಮ್ಮ ಕೈಯಾರೆ ಬರೆಯಿರಿ.

ಪ್ರಶ್ನೆಗಳಿದ್ದರೆ ಕೇಳಿ.